ನೋತ್ರ್ ದಾಮ್‌ನ ದನಿಯ ಲೆಕ್ಕ: ಒಂದು ಪ್ರಕರಣ ಅಧ್ಯಯನ

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್‌ನ ನೋತ್ರ್ ದಾಮ್ ಕೆಥೆಡ್ರಲ್‌ಗೆ ಬೆಂಕಿ ಬಿತ್ತು. ಮಧ್ಯಯುಗದ ಓಕ್ ಮರದ ಚಾವಣಿ ಸುಟ್ಟು ಹೋಯಿತು. ಅದರ ಮೇಲೆ ಹೊದಿಸಿದ್ದ ಸೀಸ ಕರಗಿ ಸುರಿಯಿತು. 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಕಟ್ಟಿಸಿದ್ದ, ನೆಲದಿಂದ 96 ಮೀಟರ್ ಎತ್ತರದ ಚೂಪು ಗೋಪುರ ಮುರಿದು ಬಿತ್ತು. ಬೀಳುವಾಗ ಕೆಳಗಿನ ಕಲ್ಲಿನ ಕಮಾನು ಚಾವಣಿಯನ್ನೂ ಸೀಳಿಕೊಂಡು ಬಂತು. ಇಷ್ಟನ್ನು ಟಿವಿಯಲ್ಲಿ ಜಗತ್ತೇ ನೋಡಿತು.

ಟಿವಿಯಲ್ಲಿ ಕಾಣದ ನಷ್ಟವೂ ಒಂದಿತ್ತು. ಆ ಕಟ್ಟಡದೊಳಗೆ ದನಿ ಹೇಗೆ ಹರಡುತ್ತಿತ್ತು, ಎಷ್ಟು ಹೊತ್ತು ನಿಲ್ಲುತ್ತಿತ್ತು, ಹೇಗೆ ಆರುತ್ತಿತ್ತು ಎನ್ನುವುದು. ಕಲ್ಲು ಉರುಳಿದರೆ ನೆಲದ ಮೇಲೆ ಬಿದ್ದಿರುತ್ತದೆ. ಎತ್ತಿಡಬಹುದು, ನಂಬರ್ ಹಾಕಬಹುದು. ದನಿಗೆ ಆ ಅನುಕೂಲ ಇಲ್ಲ. ಕಟ್ಟಡದ ಆಕಾರ ಬದಲಾದ ಕ್ಷಣವೇ ಅದೂ ಬದಲಾಗುತ್ತದೆ, ಹಿಂದೆ ಏನನ್ನೂ ಬಿಟ್ಟು ಹೋಗುವುದಿಲ್ಲ.

ಆದರೂ ಇಲ್ಲಿ ಲೆಕ್ಕ ಸಿಕ್ಕಿತು. ಬೆಂಕಿಗೆ ಎಷ್ಟೋ ಮೊದಲು, ಬೇರೆ ಕೆಲಸಕ್ಕಾಗಿ, ಕೆಲವರು ಆ ದನಿಯನ್ನು ಅಳೆದು ಇಟ್ಟಿದ್ದರು. ಈ ಪ್ರಕರಣವನ್ನು ನಾನು ಆರಿಸಿಕೊಂಡಿರುವುದು ಅದಕ್ಕೇ. ಹಳೆಯ ಪ್ರಾರ್ಥನಾ ಮಂದಿರಗಳ ದನಿಯನ್ನು ಉಳಿಸುವುದು ಅಂದರೆ ಏನು, ಅದಕ್ಕೆ ಏನೇನು ಬೇಕು, ಎಲ್ಲೆಲ್ಲಿ ಕೈ ಜಾರುತ್ತದೆ ಎನ್ನುವುದೆಲ್ಲ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ದನಿ ಕಲ್ಲಿನಷ್ಟೇ ದೊಡ್ಡ ಆಸ್ತಿ ಎಂದು ನಂಬಿದವನು ನಾನು. ಅದನ್ನು ಕಾಯುವ ಕೆಲಸ ಅವಘಡದ ಮರುದಿನ ಶುರುವಾದರೆ ಸಾಲುವುದಿಲ್ಲ. ಎಲ್ಲವೂ ಸರಿಯಾಗಿರುವಾಗ, ಯಾರಿಗೂ ತುರ್ತು ಅನಿಸದಿರುವಾಗಲೇ ಆಗಬೇಕು.

ಆರು ಸೆಕೆಂಡು

ನೋತ್ರ್ ದಾಮ್ ಕಟ್ಟಲು ಶುರು ಮಾಡಿದ್ದು 1163ರಲ್ಲಿ. ಉದ್ದ ಸುಮಾರು 128 ಮೀಟರ್, ಅಗಲ 48 ಮೀಟರ್, ಒಳಗಿನ ಕಮಾನು ಚಾವಣಿ 33 ಮೀಟರ್ ಎತ್ತರದಲ್ಲಿದೆ. ಒಳಗಿನ ಗಾಳಿಯ ಪ್ರಮಾಣ ಸುಮಾರು 84,000 ಘನ ಮೀಟರ್. ಗೋಡೆ ಕಲ್ಲು, ಚಾವಣಿ ಕಲ್ಲು, ನೆಲ ಅಮೃತಶಿಲೆ, ಕಿಟಕಿ ಗಾಜು. ದನಿಯನ್ನು ಹೀರಿಕೊಳ್ಳುವ ಮೆತ್ತನೆಯ ವಸ್ತು ತೀರಾ ಕಡಿಮೆ.

ಹೀಗಿರುವ ಕಡೆ ಒಂದು ಸಲ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲಿಗೇ ಮುಗಿಯುವುದಿಲ್ಲ. ಚಾವಣಿಗೆ ಹೋಗಿ ಬರಲು ಅದಕ್ಕೆ ಸೆಕೆಂಡಿನ ಐದನೇ ಒಂದು ಭಾಗ ಸಾಕು. ಕಂಬದಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ, ನೆಲದಿಂದ ಮತ್ತೆ ಮೇಲಕ್ಕೆ ಹೋಗುತ್ತಾ ಪ್ರತಿ ಸಲ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ. ಸದ್ದಿನ ಮಟ್ಟ 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತಿಗೆ ಅನುರಣನ ಕಾಲ ಎನ್ನುತ್ತಾರೆ. ನೋತ್ರ್ ದಾಮ್‌ನಲ್ಲಿ ಮಧ್ಯಮ ಸ್ಥಾಯಿಯ ಸ್ವರಗಳಿಗೆ ಅದು ಸುಮಾರು 6 ಸೆಕೆಂಡು. ತಗ್ಗಿದ ಸ್ವರಗಳಿಗೆ ಇನ್ನೂ ಜಾಸ್ತಿ.

6 ಸೆಕೆಂಡು ಅಂದರೆ ಎಷ್ಟು ಎಂದು ಅಂದಾಜು ಸಿಗಲು ಒಂದು ಲೆಕ್ಕ ನೋಡಿ. ನಾವು ಸಾಧಾರಣವಾಗಿ ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರ ಬರುತ್ತವೆ. ಹಾಗಾದರೆ ಆ ಜಾಗದಲ್ಲಿ ಈಗ ಆಡಿದ ಅಕ್ಷರ ಪೂರ್ತಿ ಆರುವ ಹೊತ್ತಿಗೆ ಅದರ ಹಿಂದೆ ಇನ್ನೂ ಇಪ್ಪತ್ತೈದು ಅಕ್ಷರ ಬಂದು ಸೇರಿರುತ್ತವೆ. ಬೇಗ ಬೇಗ ಮಾತಾಡಿದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಆದರೆ ಅದೇ ಜಾಗದಲ್ಲಿ ನಿಧಾನವಾಗಿ, ಎಳೆದು ಹಾಡಿದರೆ ಕಥೆಯೇ ಬೇರೆ. ಹಿಂದಿನ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಮುಂದಿನದು ಬಂದು ಅದರ ಜೊತೆ ಕೂಡುತ್ತದೆ.

12 ಮತ್ತು 13ನೇ ಶತಮಾನದಲ್ಲಿ ಇಲ್ಲಿ ಬೆಳೆದ ಹಾಡುಗಾರಿಕೆಗೆ ಲಿಯೊನಾ, ಪೆರೊತಾ ಎಂಬ ಇಬ್ಬರ ಹೆಸರು ಅಂಟಿಕೊಂಡಿದೆ. ಕೆಳಗಿನ ದನಿ ಒಂದೇ ಸ್ವರವನ್ನು ದೀರ್ಘವಾಗಿ ಹಿಡಿದಿರುತ್ತದೆ, ಮೇಲಿನ ದನಿಗಳು ಅದರ ಮೇಲೆ ಓಡಾಡುತ್ತವೆ. ಕಟ್ಟಡದ ಮಾರ್ದನಿಯೇ ಈ ಸಂಗೀತವನ್ನು ಹುಟ್ಟಿಸಿತು ಎಂದು ಹೇಳಿಬಿಡಲು ಆಸೆಯಾಗುತ್ತದೆ. ಆದರೆ ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಮುಖ್ಯ ಪೀಠದ ಪ್ರತಿಷ್ಠೆ ಆಗಿದ್ದು 1182ರಲ್ಲಿ. ಆಗ ಕಟ್ಟಡದ ಪೂರ್ವದ ತುದಿ ಮಾತ್ರ ಬಳಕೆಗೆ ಬಂದಿತ್ತು, ಉಳಿದದ್ದು ಕಟ್ಟುತ್ತಲೇ ಇದ್ದರು. ಅಂದರೆ ಆ ಹಾಡುಗಾರರು ಕೇಳಿಸಿಕೊಂಡ ನೋತ್ರ್ ದಾಮ್ ಇಂದಿನದಲ್ಲ. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಬೆಂಕಿಗೆ ಮೊದಲಿನ ಅಳತೆಗಳು

ಇಷ್ಟು ಹೆಸರಾದ ಕಟ್ಟಡ, ಅದರ ದನಿಯ ಬಗ್ಗೆ ಪುಸ್ತಕಗಟ್ಟಲೆ ಮಾಹಿತಿ ಇರಬೇಕು ಅಲ್ವಾ? ಇರಲಿಲ್ಲ. ಅಚ್ಚಾದ ಅಂಕಿಗಳು ಬೆರಳೆಣಿಕೆಯಷ್ಟು. ಅವೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ.

ಉಳಿದು ಬಂದದ್ದು ಎರಡು ದಾಖಲೆ.

ಮೊದಲನೆಯದು 1987ರದ್ದು. ಆ ವರ್ಷ ಯಾರೋ ಒಳಗೆ ಬಲೂನು ಒಡೆದು, ಅದರ ಸದ್ದನ್ನು ಟೇಪಿನಲ್ಲಿ ಹಿಡಿದಿದ್ದರು. ಬಲೂನು ಒಡೆಯುವ ಸದ್ದು ಚಿಕ್ಕದು, ಚೂಪಾದದ್ದು. ಎಲ್ಲ ಸ್ಥಾಯಿಯ ಸದ್ದೂ ಅದರಲ್ಲಿ ಒಟ್ಟಿಗೇ ಇರುತ್ತದೆ. ಹಾಗಾಗಿ ಅದರ ನಂತರ ಕೇಳಿಸುವುದೆಲ್ಲ ಕಟ್ಟಡದ ಉತ್ತರ. ಆ ಟೇಪು ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು. ಆಮೇಲೆ ಸಂಶೋಧಕರು ಹುಡುಕಿ ತೆಗೆದರು.

ಎರಡನೆಯದು 2015ರದ್ದು. ಫ್ರಾನ್ಸ್‌ನ ರಾಷ್ಟ್ರೀಯ ವಿಜ್ಞಾನ ಸಂಶೋಧನಾ ಕೇಂದ್ರ ಮತ್ತು ಸೊರ್ಬೋನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ಬ್ರಯನ್ ಕಾಟ್ಜ್ ಅವರ ತಂಡ ಇದನ್ನು ಮಾಡಿತು. ಉದ್ದೇಶ ಸಂರಕ್ಷಣೆ ಅಲ್ಲ, ವರ್ಚುವಲ್ ರಿಯಾಲಿಟಿ. 2013ರಲ್ಲಿ, ಕೆಥೆಡ್ರಲ್‌ನ 850ನೇ ವರ್ಷಾಚರಣೆಯ ಹೊತ್ತಿನಲ್ಲಿ, ಅಲ್ಲಿ ಫ್ರೆಂಚ್ ಸಂಗೀತ ರಚನಕಾರ ಮಾಸ್ನೆಯ ದೊಡ್ಡ ಕೃತಿಯೊಂದನ್ನು ಹಾಡಿ ನುಡಿಸಿದ್ದರು. ವಾದ್ಯಗಳಿಗೂ ಗಾಯಕರಿಗೂ ಹತ್ತಿರದಲ್ಲೇ ಮೈಕ್ ಇಟ್ಟು ಧ್ವನಿಮುದ್ರಣ ಆಗಿತ್ತು. ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿದ ನೋತ್ರ್ ದಾಮ್ ಒಳಗೆ ಮತ್ತೆ ನುಡಿಸಬೇಕು, ಕೇಳುವವರು ಬೇಕಾದ ಕಡೆ ಓಡಾಡುತ್ತಾ ಕೇಳಬೇಕು ಎನ್ನುವುದು ಯೋಜನೆ. ಅದಕ್ಕೆ ಕಂಪ್ಯೂಟರ್ ಮಾದರಿ ನಿಜವಾದ ಕಟ್ಟಡದ ಹಾಗೇ ದನಿಸಬೇಕು. ಹಾಗೆ ದನಿಸುತ್ತದೋ ಇಲ್ಲವೋ ಎಂದು ತಾಳೆ ನೋಡಲು ಅಳತೆ ಬೇಕಾಯಿತು.

ಅಳೆಯುವ ಕ್ರಮ ಹೀಗಿರುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಸದ್ದು ಬಿಡುವ, ಹನ್ನೆರಡು ಮುಖದ ಸ್ಪೀಕರ್ ಒಂದನ್ನು ಒಂದು ಕಡೆ ನಿಲ್ಲಿಸುತ್ತಾರೆ. ತೀರಾ ತಗ್ಗಿನ ಸ್ವರದಿಂದ ಶುರುವಾಗಿ ಕಿವಿಗೆ ಕೇಳುವಷ್ಟು ಎತ್ತರದ ಸ್ವರದವರೆಗೆ ಒಂದೇ ಸಮನೆ ಏರುತ್ತಾ ಹೋಗುವ ಸದ್ದನ್ನು ಅದರಿಂದ ಬಿಡುತ್ತಾರೆ. ಬೇರೆ ಬೇರೆ ಕಡೆ ಇಟ್ಟ ಮೈಕ್‌ಗಳು ಅದನ್ನು ಹಿಡಿಯುತ್ತವೆ. ಆಮೇಲೆ ಲೆಕ್ಕ ಹಾಕಿ, ಬಿಟ್ಟ ಸದ್ದನ್ನು ಕಳೆದು ಕಟ್ಟಡ ಸೇರಿಸಿದ್ದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಹೀಗೆ ಸಿಗುವ ಕಡತ ಆ ಜಾಗದ ಬೆರಳಚ್ಚು ಇದ್ದ ಹಾಗೆ. ಅದನ್ನು ಯಾವುದೇ ಒಣ, ಅಂದರೆ ಮಾರ್ದನಿ ಸೇರದ, ಧ್ವನಿಮುದ್ರಣಕ್ಕೆ ಹಚ್ಚಿದರೆ ಆ ಹಾಡು ಅದೇ ಕಟ್ಟಡದಲ್ಲಿ ಹಾಡಿದಂತೆ ಕೇಳಿಸುತ್ತದೆ.

1987 ಮತ್ತು 2015ರ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಹೊರಬಂತು. ಈ ನಡುವೆ ಅನುರಣನ ಕಾಲ ಸುಮಾರು 8 ಶೇಕಡಾ ಕಡಿಮೆಯಾಗಿತ್ತು. ಬೆಂಕಿ ಬಿದ್ದಿರಲಿಲ್ಲ, ಗೋಡೆ ಒಡೆದಿರಲಿಲ್ಲ. ಎಲ್ಲ ಇದ್ದ ಹಾಗೇ ಇದೆ ಎಂದು ಕಣ್ಣು ಹೇಳುತ್ತಿದ್ದ ಕಾಲದಲ್ಲೇ ದನಿ ಸ್ವಲ್ಪ ಸ್ವಲ್ಪವಾಗಿ ಸರಿದು ಹೋಗಿತ್ತು.

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವ ಅಂಕಿ ಇದೇ. ಬೆಂಕಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ 8 ಶೇಕಡಾ ಮಾತ್ರ ಯಾರ ಗಮನಕ್ಕೂ ಬರದೆ ಹೋದದ್ದು. ಹಳೆಯ ಕಟ್ಟಡಗಳಲ್ಲಿ ಹೀಗಾಗಲು ದೊಡ್ಡ ಕಾರಣವೇನೂ ಬೇಕಿಲ್ಲ. ನಡೆದಾಡುವ ಸದ್ದು ಕಡಿಮೆಯಾಗಲಿ ಎಂದು ಹಾಸಿದ ಕಾರ್ಪೆಟ್, ಮೆತ್ತೆ ಹಾಕಿದ ಕುರ್ಚಿ, ತೂಗುಬಿಟ್ಟ ಪರದೆ, ಜನರನ್ನು ಸಾಲಿನಲ್ಲಿ ಬಿಡಲು ಇಟ್ಟ ಅಡ್ಡಗಟ್ಟೆ, ಪುಸ್ತಕ ಮತ್ತು ಮೇಣದಬತ್ತಿ ಮಾರುವ ಕಪಾಟು. ಒಂದೊಂದೂ ಚಿಕ್ಕದು. ಒಂದೊಂದಕ್ಕೂ ಒಳ್ಳೆಯ ಕಾರಣ ಇರುತ್ತದೆ. ಇವನ್ನೆಲ್ಲ ಯಾರೂ ಕಟ್ಟಡದ ಬದಲಾವಣೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಕಡತದಲ್ಲೂ ಬರೆಯುವುದಿಲ್ಲ.

ಬೆಂಕಿಯ ನಂತರ

ಬೆಂಕಿ ಆರಿದ ಮೇಲೆ ಫ್ರಾನ್ಸ್‌ನ ಸಂಸ್ಕೃತಿ ಸಚಿವಾಲಯ ಮತ್ತು ವಿಜ್ಞಾನ ಸಂಶೋಧನಾ ಕೇಂದ್ರ ಸೇರಿ ಸಂಶೋಧಕರ ತಂಡಗಳನ್ನು ರಚಿಸಿದವು. ಮರಕ್ಕೊಂದು, ಕಲ್ಲಿಗೊಂದು, ಲೋಹಕ್ಕೊಂದು, ಗಾಜಿಗೊಂದು. ದನಿಗೂ ಒಂದು ತಂಡ ಇತ್ತು ಎನ್ನುವುದು ದೊಡ್ಡ ಸಂಗತಿ. ಕಾಟ್ಜ್ ಅವರ ಜೊತೆ ಅದರಲ್ಲಿದ್ದವರು ಮಿಲೆನ್ ಪಾರ್ದುವೆನ್. ಹಳೆಯ ಕಾಲದ ಊರುಗಳ ಸದ್ದನ್ನು ದಾಖಲೆಗಳಿಂದ ಮತ್ತೆ ಕಟ್ಟಿಕೊಡುವುದು ಅವರ ಕೆಲಸ.

ಬೆಂಕಿಯಾಗಿ ಸುಮಾರು ಒಂದು ವರ್ಷಕ್ಕೆ, 2020ರಲ್ಲಿ, ಕೆಲಸ ನಡೆಯುತ್ತಿದ್ದ ಜಾಗದಲ್ಲೇ ಮತ್ತೆ ಅಳತೆ ಆಯಿತು. ಸುಲಭದ ಕೆಲಸ ಅಲ್ಲ ಅದು. ಎಲ್ಲೆಡೆ ಸೀಸದ ಧೂಳು. ಒಳಗೆ ಹೋಗುವವರು ಬಿಸಾಡುವ ಬಟ್ಟೆ ತೊಡಬೇಕು, ಹೊರಗೆ ಬರುವಾಗ ಸ್ನಾನ ಮಾಡಿಯೇ ಬರಬೇಕು. ಮುರಿದ ಕಮಾನಿನ ಕೆಳಗೆ ಕಾಲಿಡುವಂತಿಲ್ಲ. ಅಲ್ಲಿ ಬಿದ್ದ ಅವಶೇಷವನ್ನು ದೂರದಿಂದ ನಡೆಸುವ ಯಂತ್ರಗಳೇ ಎತ್ತಬೇಕಾಗಿತ್ತು.

ಫಲಿತಾಂಶ: 2015ಕ್ಕೆ ಹೋಲಿಸಿದರೆ ಅನುರಣನ ಕಾಲ ಸುಮಾರು 20 ಶೇಕಡಾ ಇಳಿದಿತ್ತು.

ಇದರ ಅರ್ಥ ತಿಳಿಯಲು ಹಳೆಯದೊಂದು ಸೂತ್ರ ಸಾಕು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಾಲೆಸ್ ಸೇಬಿನ್ ಕಂಡುಹಿಡಿದದ್ದು. ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಅನುರಣನ ಕಾಲದಿಂದ ಭಾಗಿಸಿದರೆ, ಆ ಕೋಣೆಯಲ್ಲಿ ದನಿಯನ್ನು ಪೂರ್ತಿ ನುಂಗುವ ಮೇಲ್ಮೈ ಎಷ್ಟು ಚದರ ಮೀಟರ್ ಇದ್ದ ಹಾಗೆ ಎನ್ನುವುದು ಸಿಗುತ್ತದೆ. ತೆರೆದ ಕಿಟಕಿ ಅಂಥ ಮೇಲ್ಮೈ. ಅಲ್ಲಿಗೆ ಹೋದ ದನಿ ವಾಪಸ್ ಬರುವುದಿಲ್ಲ. 84,000 ಘನ ಮೀಟರ್, 6 ಸೆಕೆಂಡು ಎಂದು ಹಿಡಿದರೆ ಉತ್ತರ ಸುಮಾರು 2,250 ಚದರ ಮೀಟರ್. 20 ಶೇಕಡಾ ಇಳಿದು 4.8 ಸೆಕೆಂಡು ಆದರೆ ಅದು 2,800 ದಾಟುತ್ತದೆ. ಅಂದರೆ ಬೆಂಕಿಯಿಂದ ಸುಮಾರು 560 ಚದರ ಮೀಟರ್ ತೆರೆದ ಕಿಟಕಿ ಹೆಚ್ಚಿಗೆ ಬಂದ ಹಾಗಾಯಿತು. ಇದು ನಾನು ಹಾಕಿದ ದಪ್ಪ ಲೆಕ್ಕ. ಇಷ್ಟು ದೊಡ್ಡ, ಮೂಲೆ ಮೂಲೆಗೆ ಹಂಚಿಹೋದ ಕಟ್ಟಡಕ್ಕೆ ಆ ಸೂತ್ರ ಕರಾರುವಾಕ್ಕಾಗಿ ಹೊಂದುವುದಿಲ್ಲ. ಕಮಾನಿನ ತೂತುಗಳ ಜೊತೆಗೆ ಸಾರ್ವೆ, ಧೂಳು, ಸಾಮಾನು ಎಲ್ಲವೂ ಆ ಅಂಕಿಯಲ್ಲಿ ಸೇರಿವೆ. ಆದರೆ ಬದಲಾವಣೆಯ ಗಾತ್ರ ಎಷ್ಟೆಂದು ಮನಸ್ಸಿಗೆ ಬರಲು ಸಾಕು.

ಅದೇ ಸೂತ್ರವನ್ನು ಜನರಿಗೆ ಹಚ್ಚಿ ನೋಡಿ. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರಿನಷ್ಟು ದನಿ ಹೀರುತ್ತಾನೆ. ಈಗ ನೋತ್ರ್ ದಾಮ್‌ಗೆಂದು ಹೊಸದಾಗಿ ಮಾಡಿಸಿದ ಓಕ್ ಮರದ ಕುರ್ಚಿಗಳು 1,500. ಅಷ್ಟೂ ತುಂಬಿದರೆ 750 ಚದರ ಮೀಟರ್! ತುಂಬಿದ ಸಭೆ ಆ ಬೆಂಕಿ ಮಾಡಿದ ತೂತುಗಳಿಗಿಂತ ಜಾಸ್ತಿ ದನಿ ನುಂಗುತ್ತದೆ. ವ್ಯತ್ಯಾಸ ಇಷ್ಟೇ, ಜನ ಎದ್ದು ಮನೆಗೆ ಹೋಗುತ್ತಾರೆ. ಕಾರ್ಪೆಟ್ ಹೋಗುವುದಿಲ್ಲ. 1987ರಿಂದ 2015ರ ನಡುವಿನ 8 ಶೇಕಡಾಕ್ಕೂ ಇದೇ ಲೆಕ್ಕ ಹಾಕಿದರೆ ಸುಮಾರು 180 ಚದರ ಮೀಟರ್ ಬರುತ್ತದೆ. ಬಿದ್ದ ದನಿಯಲ್ಲಿ ಮೂರರಲ್ಲೊಂದು ಪಾಲು ಹೀರುವ ದಪ್ಪ ಕಾರ್ಪೆಟ್ಟಾದರೆ ಐದಾರು ನೂರು ಚದರ ಮೀಟರ್ ಹಾಸಿದರೂ ಅಷ್ಟಾಗುತ್ತದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಅದು ಎರಡು ಮೂರು ಓಣಿಗಳ ನೆಲ, ಅಷ್ಟೇ.

ಇಂಥ ಅದೃಷ್ಟ ಹಿಂದೆಯೂ ಒಮ್ಮೆ ಒದಗಿತ್ತು. ವೆನಿಸ್‌ನ ಲಾ ಫೆನಿಚೆ ಸಂಗೀತ ರಂಗಮಂದಿರ 1996ರ ಜನವರಿಯಲ್ಲಿ ಸುಟ್ಟುಹೋಯಿತು. ಅದಕ್ಕೆ ಸ್ವಲ್ಪವೇ ಮೊದಲು ಇಟಲಿಯ ಇಬ್ಬರು ಸಂಶೋಧಕರು ಅದರ ದನಿಯನ್ನು ಅಳೆದಿದ್ದರು. ಎರಡೂ ಕಡೆ ಬೆಂಕಿಗೆಂದು ಯಾರೂ ತಯಾರಿ ಮಾಡಿರಲಿಲ್ಲ. ಅಳತೆ ಇದ್ದದ್ದು ಅದೃಷ್ಟ. ಎಷ್ಟು ಕಟ್ಟಡಗಳಿಗೆ ಅಂಥ ಅದೃಷ್ಟ ಇದ್ದೀತು?

ಮತ್ತೆ ಕಟ್ಟುವಾಗ

ಮೇಲಿನ ಗೋಪುರ ಹೊಸ ರೀತಿಯಲ್ಲಿ ಬರಲಿ ಎಂದು ಬೆಂಕಿಯ ನಂತರ ಗಾಜಿನ ಚಾವಣಿ, ತೋಟದ ಚಾವಣಿ ಎಂದೆಲ್ಲ ಸಲಹೆಗಳು ಹರಿದುಬಂದವು. 2020ರ ಜುಲೈನಲ್ಲಿ ಮೊದಲಿದ್ದ ಹಾಗೇ ಕಟ್ಟುವುದು ಎಂದು ತೀರ್ಮಾನವಾಯಿತು. ಓಕ್ ಮರ, ಸೀಸ, ಸುಣ್ಣದ ಕಲ್ಲು. ಮರ ಮತ್ತು ಸೀಸ ಇರುವುದು ಕಲ್ಲಿನ ಕಮಾನಿನ ಮೇಲೆ. ಒಳಗಿನ ದನಿಗೆ ಅವುಗಳ ಪಾತ್ರ ಕಡಿಮೆ. ದನಿಗೆ ನಿಜವಾಗಿ ಮುಖ್ಯವಾದದ್ದು ಕಮಾನನ್ನು ಮತ್ತೆ ಕಲ್ಲಿನಲ್ಲೇ, ಅದೇ ಬಾಗಿನಲ್ಲಿ ಕಟ್ಟಿದ್ದು. ಅಲ್ಲಿ ಹಗುರವಾದ ಬೇರೆ ವಸ್ತು ಬಂದಿದ್ದರೆ ತಗ್ಗಿದ ಸ್ವರಗಳು ಆ ತೆಳು ಹೊದಿಕೆಯನ್ನು ಅದುರಿಸಿ ಅಲ್ಲೇ ಸೋರಿಹೋಗುತ್ತಿದ್ದವು. ಕಣ್ಣಿಗೆ ಅದೇ ಚಾವಣಿ, ಕಿವಿಗೆ ಬೇರೆ ಕಟ್ಟಡ.

ಗೋಡೆ ತೊಳೆದದ್ದು ಇನ್ನೊಂದು ಕಥೆ. ಲ್ಯಾಟೆಕ್ಸ್ ಬಳಿದು, ಒಣಗಿದ ಮೇಲೆ ಹಾಳೆಯಂತೆ ಎಳೆದು ತೆಗೆದರು. ಸೀಸದ ಧೂಳಿನ ಜೊತೆಗೆ ಕಾಲಾನುಕಾಲದ ಮಸಿಯೂ ಕಿತ್ತು ಬಂತು. ಒಳಗಿನ ಕಲ್ಲು ಈಗ ಬಿಳುಪಾಗಿ ಹೊಳೆಯುತ್ತದೆ. ಕಲ್ಲಿನ ಸಣ್ಣ ರಂಧ್ರಗಳು ತೆರೆದವೋ ಮುಚ್ಚಿದವೋ ಎನ್ನುವುದರ ಮೇಲೆ ಎತ್ತರದ ಸ್ವರಗಳು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತವೆ. ಒಂದು ಚದರ ಮೀಟರಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಕಟ್ಟಡದ ಅಷ್ಟೂ ಗೋಡೆಗೆ ಸೇರಿಸಿದರೆ ಲೆಕ್ಕಕ್ಕೆ ಬರುತ್ತದೆ.

ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ವಾದ್ಯ ಆರ್ಗನ್, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದನಿಯನ್ನು ಉಳಿಸುವ ಕೆಲಸ ಕೈಯಲ್ಲಿ ಹೇಗೆ ನಡೆಯುತ್ತದೆ ಎನ್ನುವುದು ಅಲ್ಲೇ ಕಾಣುವುದು. ನೋತ್ರ್ ದಾಮ್‌ನ ದೊಡ್ಡ ಆರ್ಗನ್‌ಗೆ ಸುಮಾರು 8,000 ಕೊಳವೆ. ಅದಕ್ಕೆ ಈಗಿನ ರೂಪ ಬಂದದ್ದು ಮುಖ್ಯವಾಗಿ 1868ರಲ್ಲಿ, ಕವಯೆ-ಕಾಲ್ ಎಂಬ ಕುಶಲಿಯ ಕೈಯಲ್ಲಿ. ಬೆಂಕಿ ಅದನ್ನು ಮುಟ್ಟಲಿಲ್ಲ. ಆದರೆ ಸೀಸದ ಧೂಳು ಒಳಗೆಲ್ಲ ಕೂತಿತ್ತು. 2020ರಲ್ಲಿ ಬಿಡಿ ಬಿಡಿಯಾಗಿ ಬಿಚ್ಚಿ, ಕೆಲಸದ ಮನೆಗಳಿಗೆ ಸಾಗಿಸಿ, ತೊಳೆದು, ಮತ್ತೆ ತಂದು ಜೋಡಿಸಿದರು.

ಜೋಡಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಒಂದೊಂದು ಕೊಳವೆಯನ್ನೂ ಅದರ ಜಾಗದಲ್ಲಿ ಹದ ಮಾಡಬೇಕು. ಒಬ್ಬರು ಕೀಲಿಮಣೆಯ ಮುಂದೆ ಕೂತು ಒಂದು ಸ್ವರ ಒತ್ತುತ್ತಾರೆ. ಇನ್ನೊಬ್ಬರು ಕೊಳವೆಗಳ ನಡುವೆ ನಿಂತು, ಬುಡದಲ್ಲಿ ಗಾಳಿ ಬರುವ ತೂತನ್ನೋ ಬಾಯಿಯ ಸೀಳನ್ನೋ ಕೂದಲೆಳೆಯಷ್ಟು ತಿದ್ದುತ್ತಾರೆ. ನಾಲಿಗೆ ಇರುವ ಕೊಳವೆಯಾದರೆ ಆ ಲೋಹದ ನಾಲಿಗೆಯ ಬಾಗನ್ನು ತಿದ್ದುತ್ತಾರೆ. ಸ್ವರ ಹೇಗೆ ಹುಟ್ಟಿತು, ಪಕ್ಕದ ಸ್ವರದ ಜೊತೆ ಸಮ ತೂಗಿತೇ, ಕಟ್ಟಡದ ಆ ತುದಿಗೆ ಹೋಗಿ ಏನಾಯಿತು ಎಂದು ಕಿವಿಯಿಂದಲೇ ತೀರ್ಮಾನಿಸುತ್ತಾರೆ. ಹಗಲು ಕಟ್ಟಡದ ಕೆಲಸದ ಗದ್ದಲ. ಹಾಗಾಗಿ 2024ರಲ್ಲಿ ತಿಂಗಳುಗಟ್ಟಲೆ ರಾತ್ರಿ ಹೊತ್ತು ಈ ಕೆಲಸ ನಡೆಯಿತು.

ಇದರ ಅರ್ಥ ನೋಡಿ. ಆರ್ಗನ್‌ನ ಸ್ವರವನ್ನು ಹದ ಮಾಡುವುದು ಕೆಲಸದ ಮನೆಯಲ್ಲಿ ಅಲ್ಲ, ಆ ಕಟ್ಟಡದ ಅನುರಣನದೊಳಗೆ. ವಾದ್ಯ ಬಿಟ್ಟ ಸ್ವರ, ಕಲ್ಲು ಹಿಂತಿರುಗಿಸಿದ ಸ್ವರ ಎರಡೂ ಸೇರಿದ ಮೇಲೆ ಕಿವಿಗೆ ಹಿತವಾಗುವಂತೆ ತಿದ್ದಿರುತ್ತಾರೆ. ನಾಳೆ ಯಾರೋ ಒಂದಿಷ್ಟು ಕಾರ್ಪೆಟ್ ಹಾಸಿದರೆ, ಕುರ್ಚಿಗೆ ಮೆತ್ತೆ ಹಾಕಿದರೆ, ಆ ಅಷ್ಟೂ ರಾತ್ರಿಗಳ ಕೆಲಸದ ತಳ ಸ್ವಲ್ಪ ಸರಿಯುತ್ತದೆ. ಹೊಸ ಕುರ್ಚಿಗಳು ಬರೀ ಮರದವು ಎನ್ನುವುದು ನನಗೆ ಸಮಾಧಾನ ಕೊಟ್ಟ ವಿಷಯ. ಮರದ ಕುರ್ಚಿ ಹೆಚ್ಚೇನೂ ದನಿ ನುಂಗುವುದಿಲ್ಲ.

ಘಂಟೆಗಳ ವಿಷಯ ಚಿಕ್ಕದು. ಉತ್ತರದ ಗೋಪುರದ ಎಂಟು ಘಂಟೆಗಳನ್ನು ಇಳಿಸಿ, ಸರಿಪಡಿಸಿ, ಮತ್ತೆ ಏರಿಸಿದರು. 2024ರ ನವೆಂಬರ್ 8ರಂದು ಬೆಂಕಿಯ ನಂತರ ಮೊದಲ ಸಲ ಅವು ಒಟ್ಟಿಗೆ ಮೊಳಗಿದವು. ಡಿಸೆಂಬರ್ 7ರಂದು ಕೆಥೆಡ್ರಲ್‌ನ ಬಾಗಿಲು ತೆರೆಯಿತು.

ಉಳಿಸುವುದು ಯಾವ ದನಿಯನ್ನು?

ಈ ಪ್ರಕರಣದ ಕಷ್ಟದ ಪ್ರಶ್ನೆ ಇದು. 12ನೇ ಶತಮಾನದ ಹಾಡುಗಾರರು ಕೇಳಿದ್ದು ಅರ್ಧ ಕಟ್ಟಿದ ನೋತ್ರ್ ದಾಮ್. 13ನೇ ಶತಮಾನದಲ್ಲಿ ಮೇಲಿನ ಕಿಟಕಿಗಳನ್ನು ದೊಡ್ಡದು ಮಾಡಿದರು. ಪಾದ್ರಿಗಳು ಹಾಡುವ ಜಾಗದ ಸುತ್ತ ಎತ್ತರದ ಕೆತ್ತನೆ ಕಲ್ಲಿನ ಗೋಡೆ ಬಂತು. ಅದರೊಳಗೆ ಕೂತವರಿಗೆ ಒಂದು ದನಿ, ಹೊರಗೆ ನಿಂತ ಜನರಿಗೆ ಇನ್ನೊಂದು. 18ನೇ ಶತಮಾನದ ಹೊತ್ತಿಗೆ ಆ ಜಾಗವನ್ನು ಪೂರ್ತಿ ಬದಲಿಸಿದರು. 1804ರ ಡಿಸೆಂಬರ್ 2ರಂದು ನೆಪೋಲಿಯನ್ ಅಲ್ಲಿ ಕಿರೀಟ ತೊಟ್ಟಾಗ ಒಳಗೆಲ್ಲ ಬಟ್ಟೆಯ ಅಲಂಕಾರ, ಜನ ಕಿಕ್ಕಿರಿದಿದ್ದರು. ಆ ದಿನದ ನೋತ್ರ್ ದಾಮ್ ಬರೀ ಕಲ್ಲಿನ ನೋತ್ರ್ ದಾಮ್‌ಗಿಂತ ಎಷ್ಟೋ ಮೆತ್ತಗೆ ಕೇಳಿಸಿರಬೇಕು. ಇವುಗಳಲ್ಲಿ ಅಸಲಿ ದನಿ ಯಾವುದು?

ಯಾವುದೂ ಅಲ್ಲ, ಎಲ್ಲವೂ ಹೌದು. ಕಾಟ್ಜ್ ಅವರ ತಂಡ ಮಾಡಿದ ಕೆಲಸದ ಬೆಲೆ ಇಲ್ಲಿದೆ. 2015ರ ಅಳತೆಗೆ ತಾಳೆಯಾಗುವಂತೆ ಮೊದಲು ಕಂಪ್ಯೂಟರ್ ಮಾದರಿಯನ್ನು ಸರಿ ಮಾಡಿಕೊಳ್ಳಬೇಕು. ಆಮೇಲೆ ಗೋಡೆ, ನೆಲ, ಪರದೆಗಳನ್ನು ಬದಲಿಸುತ್ತಾ ಹಿಂದಿನ ಶತಮಾನಗಳಿಗೆ ಹೋಗಬಹುದು. ಇಂದಿನ ಗಾಯಕರು ಹೆಡ್‌ಫೋನ್ ಹಾಕಿಕೊಂಡು ಆ ಮಾದರಿಯೊಳಗೆ ಹಾಡಬಹುದು, ತಮ್ಮ ದನಿ ಆ ಕಾಲದ ಕಟ್ಟಡದಿಂದ ಮರಳಿ ಬರುವುದನ್ನು ಕೇಳಬಹುದು. ಹಾಗೆ ಕೇಳಿದಾಗ ಹಾಡುವ ವೇಗ, ಉಸಿರು ತೆಗೆದುಕೊಳ್ಳುವ ಜಾಗ ಬದಲಾಗುತ್ತವೆ. ಕಾಗದದ ಮೇಲಿನ ಸ್ವರಲಿಪಿ ಇದನ್ನು ಹೇಳಲಾರದು.

ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದಲ್ಲಿಯೂ ಇಂಥದೇ ಕೆಲಸ ಆಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಲ್ಲಿ ಬಲೂನು ಒಡೆದು ದನಿ ಹಿಡಿದುಕೊಂಡರು. ಅನುರಣನ ಸುಮಾರು 11 ಸೆಕೆಂಡು. ಅದನ್ನು ಬಳಸಿ ಬೈಜಾಂಟೈನ್ ಕಾಲದ ಹಾಡುಗಳನ್ನು ಬೇರೊಂದು ಸಭಾಂಗಣದಲ್ಲಿ ಹಾಡಿಸಿದರು. ಆಗ ಅದು ವಸ್ತುಸಂಗ್ರಹಾಲಯ, ನೆಲ ಬರೀ ಅಮೃತಶಿಲೆ. 2020ರಲ್ಲಿ ಮತ್ತೆ ಮಸೀದಿಯಾದಾಗ ನೆಲಕ್ಕೆ ಕಾರ್ಪೆಟ್ ಬಂತು. ಪ್ರಾರ್ಥನೆ ಮಾಡುವವರಿಗೆ ಅದು ಬೇಕೇ ಬೇಕು. ಅದನ್ನು ತಪ್ಪು ಎನ್ನಲು ನಾನು ಸಿದ್ಧನಿಲ್ಲ. ಪ್ರಾರ್ಥನೆಗೆಂದು ಕಟ್ಟಿದ ಜಾಗದಲ್ಲಿ ಪ್ರಾರ್ಥನೆಯೇ ಮೊದಲು. ಆದರೆ ಕಾರ್ಪೆಟ್ ಹಾಸುವ ಮೊದಲಿನ ದನಿ ಕಡತದಲ್ಲಿ ಇದೆ ಎನ್ನುವುದು ಎರಡೂ ಕಡೆಯವರಿಗೆ ಲಾಭ.

ಹಾಗಾಗಿ ನನ್ನ ಅಭಿಪ್ರಾಯ: ದನಿಯನ್ನು ಒಂದು ವರ್ಷಕ್ಕೆ ಕಟ್ಟಿಹಾಕಿ ಇಡಲು ಹೋಗಬಾರದು. ಈಗಿರುವುದನ್ನು ಅಳೆದು ಇಡಬೇಕು. ಆಮೇಲೆ ಏನೇ ಬದಲಿಸಿದರೂ ತಿಳಿದು ಬದಲಿಸಬೇಕು, ಬರೆದಿಟ್ಟು ಬದಲಿಸಬೇಕು. ನೋತ್ರ್ ದಾಮ್ ಸಂರಕ್ಷಿತ ಸ್ಮಾರಕವಾದದ್ದು 1862ರಲ್ಲಿ, ವಿಶ್ವ ಪರಂಪರೆಯ ಪಟ್ಟಿಗೆ ಅದರ ಸುತ್ತಲಿನ ಸೇನ್ ನದಿಯ ದಡ ಸೇರಿದ್ದು 1991ರಲ್ಲಿ. ಅಷ್ಟೆಲ್ಲ ರಕ್ಷಣೆ ಇದ್ದರೂ ಆ 8 ಶೇಕಡಾ ಜಾರಿಹೋಯಿತು.

ಕಟ್ಟಡ ನೋಡಿಕೊಳ್ಳುವವರಿಗೆ

ದೊಡ್ಡ ತಂಡ, ದುಬಾರಿ ಸ್ಪೀಕರ್ ಇಲ್ಲದಿದ್ದರೂ ಶುರು ಮಾಡಬಹುದು. 1987ರ ಟೇಪಿನಲ್ಲಿ ಇದ್ದದ್ದು ಬಲೂನಿನ ಸದ್ದೇ. ಜನ ಇಲ್ಲದ, ಹೊರಗೂ ಗದ್ದಲ ಇಲ್ಲದ ಹೊತ್ತು ನೋಡಿಕೊಳ್ಳಿ. ಫ್ಯಾನು, ಟ್ಯೂಬ್‌ಲೈಟು, ಎಸಿ ಎಲ್ಲ ಆರಿಸಿ. ಒಂದೇ ಅಳತೆಯ ದೊಡ್ಡ ಬಲೂನುಗಳನ್ನು ಒಂದೇ ಹದಕ್ಕೆ ಊದಿಕೊಳ್ಳಿ. ಎಲ್ಲಿ ಹಾಡುತ್ತಾರೋ, ಎಲ್ಲಿ ಮಾತಾಡುತ್ತಾರೋ ಅಲ್ಲೇ ನಿಂತು ಒಡೆಯಿರಿ. ಜನ ಎಲ್ಲಿ ಕೂರುತ್ತಾರೋ ಅಲ್ಲಿ, ಕಿವಿಯ ಎತ್ತರಕ್ಕೆ ಮೈಕ್ ಇಡಿ. ರೆಕಾರ್ಡರ್‌ನಲ್ಲಿ ದನಿಯನ್ನು ತಾನಾಗಿಯೇ ಏರಿಸಿ ಇಳಿಸುವ ಸೌಲಭ್ಯ ಇದ್ದರೆ ತೆಗೆದುಹಾಕಿ, ಇಲ್ಲದಿದ್ದರೆ ದನಿ ಆರುವ ರೀತಿಯೇ ಸುಳ್ಳಾಗುತ್ತದೆ. ಒಡೆದ ಸದ್ದು ರೆಕಾರ್ಡರ್ ಹಿಡಿಯುವ ಮಿತಿ ಮೀರಿ ಒಡಕಾಗಿ ಮುದ್ರಣವಾಗಬಾರದು. ಹಾಗಾಗಿ ಮಟ್ಟ ತಗ್ಗಿಸಿ, ಮೊದಲು ಒಂದು ಬಲೂನು ಒಡೆದು ಪರೀಕ್ಷೆ ಮಾಡಿ. ಒಂದೊಂದು ಜಾಗದಲ್ಲೂ ನಾಲ್ಕೈದು ಸಲ ಒಡೆಯಿರಿ. ಪೂರ್ತಿ ಮೌನವಾಗುವವರೆಗೆ ಯಾರೂ ಅಲುಗಾಡಬೇಡಿ. ಕಡತವನ್ನು ಒತ್ತಿ ಚಿಕ್ಕದು ಮಾಡದೆ, ಇದ್ದ ಹಾಗೇ ಉಳಿಸಿ.

ಇನ್ನು ಬರೆದಿಡಬೇಕಾದ್ದು. ಬಲೂನು ಮತ್ತು ಮೈಕ್ ಇದ್ದ ಜಾಗ, ಅಲ್ಲಿಂದ ಎರಡು ಗೋಡೆಗೆ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ. ಆ ದಿನದ ತಾಪಮಾನ ಮತ್ತು ತೇವ, ಯಾಕೆಂದರೆ ಎತ್ತರದ ಸ್ವರಗಳನ್ನು ಗಾಳಿಯೇ ಹೀರುತ್ತದೆ, ಒಣ ಗಾಳಿಯಲ್ಲಿ ಜಾಸ್ತಿ. ಬಾಗಿಲು ಕಿಟಕಿ ತೆರೆದಿತ್ತೋ ಮುಚ್ಚಿತ್ತೋ. ಎಷ್ಟು ಕುರ್ಚಿ, ಮೆತ್ತೆ ಇತ್ತೋ ಇಲ್ಲವೋ. ಎಷ್ಟು ಚದರ ಮೀಟರ್ ಹಾಸು, ಎಷ್ಟು ಪರದೆ. ಒಳಗೆ ಎಷ್ಟು ಜನ. ನಾಲ್ಕು ದಿಕ್ಕಿಗೂ ಒಂದೊಂದು ಫೋಟೋ. ಇದನ್ನೆಲ್ಲ ದನಿಯ ಕಡತದ ಜೊತೆಗೇ ಇಟ್ಟು, ಒಂದು ಪ್ರತಿಯನ್ನು ಆ ಕಟ್ಟಡದ ಹೊರಗೆ, ಬೇರೆ ಸಂಸ್ಥೆಯೊಂದರ ಸುಪರ್ದಿಗೆ ಕೊಡಿ. ಹೊಸ ಹಾಸು, ಹೊಸ ಕುರ್ಚಿ, ಹೊಸ ಬಣ್ಣ, ಯಾವುದು ಬಂದರೂ ಅದೇ ಜಾಗಗಳಲ್ಲಿ ನಿಂತು ಇನ್ನೊಂದು ಸಲ ಒಡೆಯಿರಿ.